ಭರಮ ಬೇಡಿದ ತಿಳಿನೀರು

"ಕೇಳ್ರಪ್ಪೋ ಕೇಳ್ರಿ! ವರ್ಣಾವತಿಯ ದೊರೆಗಳ ಅಪ್ಪಣೆ! ಜೋಗಿ ಬಿಟ್ಟುಹೋದ ಮೂರು ಒಗಟು ಒಡೆದವನಿಗೆ ಕೇಳಿದ ವರ! ಒಂದು ತಪ್ಪಿದರೂ ತಲೆದಂಡ!"

ಡಂಗುರದವನು ಹೀಗೆ ಸಾರುವಾಗ ಭರಮ ಹೊಳೆಯಲ್ಲಿ ಮೊಣಕಾಲುದ್ದ ನಿಂತು ಬಟ್ಟೆ ಜಾಲಿಸುತ್ತಿದ್ದ. ಅರಮನೆಯ ಕೊಪ್ಪರಿಗೆಗಳಲ್ಲಿ ಬಣ್ಣ ಕಟ್ಟಿದ ಬಟ್ಟೆ ಜಾಲಿಸುವುದೇ ಅವನ ಹೊಟ್ಟೆಪಾಡು. ಕೊಪ್ಪರಿಗೆಯ ಗಸಿಯೆಲ್ಲ ಹರಿದು ಬಂದು ಹೊಳೆ ಕುಂಕುಮ ಕದಡಿದ ಹಾಗೆ ಕೆಂಪಾಗಿತ್ತು. ಕೆಳಗಿನ ಊರುಗಳಲ್ಲಿ ಆ ನೀರನ್ನು ಯಾರೂ ಬಾಯಿಗೆ ಇಡುತ್ತಿರಲಿಲ್ಲ. ಭರಮನ ತಂಗಿ ಬಾಳವ್ವ ದಿನಾ ಗುಡ್ಡ ಹತ್ತಿ ಒರತೆಯ ನೀರು ಹೊತ್ತು ತರುತ್ತಿದ್ದಳು. ಅಪ್ಪ ಅವ್ವ ಇಲ್ಲದ ಅವರಿಬ್ಬರಿಗೆ ಒಬ್ಬರಿಗೊಬ್ಬರೇ ದಿಕ್ಕು. ಆ ಕೊಡ ಅವಳ ತಲೆಯಿಂದ ಇಳಿಯಬೇಕೆಂಬುದೊಂದೇ ಅವನ ಆಸೆ.

ದೊರೆಗೆ ಬಾಳವ್ವನ ಕೊಡ ಕಂಡಿತ್ತೆಂದು ತಿಳಿಯಬೇಡಿ. ಹೊಳೆಯ ಕೆಳಗಿನ ರಾಜ್ಯದ ಅರಸ ಹೇಳಿಕಳಿಸಿದ್ದ: ನೀರಿನ ಕೆಂಪು ಹೋಗದಿದ್ದರೆ ದಂಡು ಬರುತ್ತದೆ. ಆಗ ದೊರೆಗೆ ಜೋಗಿ ನೆನಪಾದ. ಹಿಂದೊಮ್ಮೆ ಬಿಳಿ ಪುಡಿ ತುಂಬಿದ ಗಾಜಿನ ಭರಣಿಯೊಂದನ್ನು ಕೊಟ್ಟು ಅವನು ಹೇಳಿದ್ದ: "ಇದು ಹೊಳೆ ತೊಳೆಯುವ ಪುಡಿ. ಬಳಸುವ ಬಗೆ ಒಗಟಿನಲ್ಲಿದೆ. ಒಂದೊಂದು ಒಗಟು ಒಡೆದಾಗಲೂ ಮುಚ್ಚಳ ಒಂದು ಸುತ್ತು ತಾನೇ ತಿರುಗುತ್ತದೆ."

ಮೊದಲು ಆಸ್ಥಾನದ ಪಂಡಿತರೊಬ್ಬರು ಬಂದರು. ದೊರೆ ಕೇಳಿದ: "ಬೆಳಕಿದ್ದರೆ ಉಣ್ಣುತ್ತಾನೆ, ಕತ್ತಲಾದರೆ ಉಪವಾಸ. ಎಷ್ಟು ಉಂಡರೂ ಬೆಳೆಯ, ಎಷ್ಟು ದುಡಿದರೂ ಸವೆಯ. ಯಾರವನು?"

"ಗಿಡ," ಎಂದರು ಪಂಡಿತರು. ಬೆಳೆಯದ ಗಿಡವನ್ನು ಅವರು ಯಾವ ತೋಟದಲ್ಲಿ ಕಂಡಿದ್ದರೋ! ಮುಚ್ಚಳ ಅಲುಗಲಿಲ್ಲ, ತಲೆ ಉರುಳಿತು. ಆಮೇಲೆ ಬಂದ ದಳವಾಯಿಯ ಮಗ "ಬೆಂಕಿ" ಎಂದ. ಬೆಂಕಿ ಯಾವ ಕತ್ತಲಲ್ಲಿ ಉಪವಾಸ ಮಾಡೀತು? ಅವನದೂ ಅದೇ ಗತಿ. ಕೋಟೆಯ ಬಾಗಿಲಲ್ಲಿ ನೆತ್ತರು ಒಣಗುವ ಮೊದಲೇ ಭರಮ ಒಳಗೆ ಬಂದ.

ಮೊದಲ ಒಗಟು ಕೇಳಿ ಅವನು ಭರಣಿಯ ಕಡೆ ನೋಡಿದ. "ಈ ಪುಡೀನಽ ಅದು, ದೊರಿ. ನಮ್ಮ ಹೊಳಿ ದಂಡ್ಯಾಗ ಒಂದು ಬಿಳಿ ಕಲ್ಲೈತ್ರಿ. ಅದರ ಮ್ಯಾಲೆ ಚೆಲ್ಲಿದ ಬಣ್ಣ ಬಿಸಲು ಬಿದ್ದ ಕಡೆ ಮಾಯ ಆಗ್ತೈತಿ, ನೆಳ್ಳಿನ ಕಡೆ ಹಂಗಽ ಉಳೀತೈತಿ. ಕಲ್ಲು ಮಾತ್ರ ಸವದಿಲ್ಲ. ಇದು ಅಂಥಾ ಕಲ್ಲಿನ ಹಿಟ್ಟು ಇರಬೇಕ್ರಿ."

ಮುಚ್ಚಳ ಕಿರ್ರೆಂದು ಒಂದು ಸುತ್ತು ತಿರುಗಿತು.

ದೊರೆ ಎರಡನೆಯದನ್ನು ಕೇಳಿದ: "ಬೆಟ್ಟ ದಾಟಿ ಬಂದ ಧೀರ ಮೊಣಕಾಲುದ್ದ ನೀರಿನಲ್ಲಿ ಮುಳುಗಿ ಸತ್ತ. ಅವನನ್ನು ಉಳಿಸುವುದು ಹೇಗೆ?"

ಭರಮ ತನ್ನ ಕಾಲು ನೋಡಿಕೊಂಡ. ಕೆಂಪು ನೀರಿನಲ್ಲಿ ನಿಂತರೆ ಆ ಪಾದ ಅವನಿಗೇ ಕಾಣುತ್ತಿರಲಿಲ್ಲ. "ಅಂವ ಬಿಸಲು, ದೊರಿ. ದಟ್ಟ ಬಣ್ಣದಾಗ ಕೆಳಗ ಇಳಿಯಾಕ ಆಗೂದಿಲ್ಲ. ನೀರು ತೆಳ್ಳಗ ಹರವಿದ್ರ ಬದುಕ್ತಾನ."

ಮುಚ್ಚಳ ಮತ್ತೆ ತಿರುಗಿತು. ಮೂರನೆಯದನ್ನು ದೊರೆ ನಿಧಾನವಾಗಿ ಕೇಳಿದ: "ಕಳ್ಳ ಅಂಗಿ ಕಳಚಿಟ್ಟ, ಮನೆ ಬಿಡಲಿಲ್ಲ. ಹೋದನೆಂದು ಮನೆಯವರು ದೀಪ ಆರಿಸಿದರು. ಕಳ್ಳನಾರು, ಅಂಗಿ ಯಾವುದು?"

ಬಿಳಿ ಕಲ್ಲಿನ ಕುಳಿಯಲ್ಲಿ ನಿಂತ ನೀರು ಭರಮನ ಕಣ್ಣಮುಂದೆ ಬಂತು, ಅದರ ಅಂಚಿಗೆ ಸತ್ತು ಬಿದ್ದಿದ್ದ ಗುಬ್ಬಿಗಳೂ ಬಂದವು. "ಅಂಗಿ ಅಂದ್ರ ಬಣ್ಣ, ಕಳ್ಳ ಅಂದ್ರ ಬಣ್ಣದಾಗಿನ ವಿಷ," ಎಂದ. "ಬಣ್ಣ ಮೊದಲು ಹೋಗ್ತೈತ್ರಿ, ವಿಷ ಉಳೀತೈತಿ. ಬಣ್ಣ ಹೋದ ಕೂಡ್ಲೆ ಆ ಕಲ್ಲಿನ ಕುಳ್ಯಾಗಿನ ನೀರು ಕುಡದ ಗುಬ್ಬಿ ಸತ್ತವು. ಇನ್ನೂ ನಾಕು ದಿನ ಬಿಸಲು ಉಂಡ ನೀರು ಕುಡದವು ಹಾರಿ ಹೋದವು."

ಮುಚ್ಚಳ ಕಳಚಿ ಬಿತ್ತು.

"ಕೇಳು ವರ," ಎಂದ ದೊರೆ.

ಕತ್ತಿನ ಮೇಲೆ ತಲೆ ಉಳಿದ ಸಂತೋಷದಲ್ಲಿ ಭರಮನಿಗೆ ಮಾತು ತೂಗಿ ನೋಡುವಷ್ಟು ವ್ಯವಧಾನ ಎಲ್ಲಿತ್ತು? "ನಮ್ಮ ಹೊಳಿ ತಿಳಿ ಆಗಬೇಕ್ರಿ. ಅಷ್ಟಽ ಸಾಕು."

"ಹಾಗೇ ಆಗಲಿ!"

ಭರಮನೇ ಮುಂದೆ ನಿಂತು ಆಳವಿಲ್ಲದ ಅಗಲ ಹೊಂಡಗಳನ್ನು ತೋಡಿಸಿ, ಗಸಿ ಹರವಿ, ಪುಡಿ ಕದಡಿಸಿದ. ಸಂಜೆಯ ಹೊತ್ತಿಗೆ ನೀರಿನ ಕೆಂಪು ಹೋಗಿ ತಳದ ಪುಡಿ ಕಂಡಿತು. ಕೂಡಲೇ ಆ ನೀರನ್ನು ಹೊಳೆಗೆ ಬಿಡಲು ದೊರೆ ತೂಬು ಎತ್ತಿಸಿದ.

"ಬ್ಯಾಡ್ರಿ ದೊರಿ! ಕಳ್ಳ ಇನ್ನೂ ಒಳಗಽ ಅದಾನ! ಇನ್ನೂ ನಾಕು ದಿನ ಬಿಸಲಾಗ ಇರಲಿ!"

"ನಾಲ್ಕು ದಿನ ಕೊಪ್ಪರಿಗೆ ತಣ್ಣಗೆ ಕೂರಿಸಲೇನು? ದಂಡು ಬರುತ್ತಿದ್ದದ್ದು ಬಣ್ಣ ಕಂಡು. ಬಣ್ಣ ಹೋಯಿತು." ದೊರೆ ನಕ್ಕ. "ನೀನು ಕೇಳಿದ್ದು ತಿಳಿ, ನಾನು ಕೊಟ್ಟದ್ದು ತಿಳಿ. ಮಾತಿಗೆ ತಪ್ಪಿದೆನೇ?"

ಸಭೆ ಭಲೇ ಎಂದಿತು. ಭರಮನ ಹೆಗಲಿಗೆ ಶಾಲು ಬಿತ್ತು, ಅರಮನೆಯ ಕೊಪ್ಪರಿಗೆಯಲ್ಲೇ ಅದ್ದಿದ ಕೆಂಪು ಶಾಲು. ತಿಳಿ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ನಿರ್ಮಲ ಎಂಬುದನ್ನು ದೊರೆ ಹೊಳೆಗೆ ಬಿಟ್ಟ, ಅರಿವು ಎಂಬುದನ್ನು ಅರಮನೆಯಲ್ಲೇ ಇಟ್ಟುಕೊಂಡ. ಒಗಟು ಗೆದ್ದ ಭರಮ ಒಂದು ಮಾತಿನಲ್ಲಿ ಸೋತಿದ್ದ.

ಅವನು ದಂಡೆಯುದ್ದಕ್ಕೂ ಓಡಿದ. ಕೂಗಿ ಕೂಗಿ ಗಂಟಲು ಕಟ್ಟಿತು. ಆದರೆ ಇಳಿಜಾರಿನ ನೀರಿಗೆ ಅವನಿಗಿಂತ ಅವಸರ. ಕೆಂಪಾಗಿದ್ದಷ್ಟು ಕಾಲ ಹೊಳೆಯೇ "ಕುಡಿಯಬೇಡಿ" ಎನ್ನುತ್ತಿತ್ತು, ಈಗ ಅದರ ಬಾಯಿ ಕಟ್ಟಿತ್ತು.

ಊರ ಮುಂದೆ ಬಾಳವ್ವ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಗುಡ್ಡಕ್ಕೆ ಹೊರುತ್ತಿದ್ದ ಕೊಡ ಮಗ್ಗುಲಲ್ಲಿ ಬೋರಲು ಬಿದ್ದಿತ್ತು.

"ಅಣ್ಣಾ, ನೀ ಬೇಡಿದ ನೀರು ಬಂತು!" ಎಂದು ಒದ್ದೆ ಬಾಯಿ ಒರೆಸಿಕೊಂಡಳು. "ನೋಡು, ಎಷ್ಟು ತಿಳಿ ಐತಿ. ನೀನೂ ಒಂದು ಬೊಗಸಿ ಕುಡಿ."

ಭರಮ ಶಾಲು ಕಿತ್ತೆಸೆದು ಅವಳ ಕಾಲ ಬಳಿ ಕುಸಿದ. ಹೊಳೆಯ ಅಂಚಿಗೆ ಗುಬ್ಬಿಗಳು ಒಂದೊಂದಾಗಿ ಇಳಿಯುತ್ತಿದ್ದವು.

ದೊರೆ ತನ್ನ ಊರಲ್ಲಿ ಸುಖವಾಗಿದ್ದಾನೆ. ನಾವಿಲ್ಲಿ ತಿಳಿನೀರು ಕಂಡರೆ ಮೊದಲು ಗುಬ್ಬಿ ಕುಡಿಯಲೆಂದು ಕಾಯುತ್ತೇವೆ.