ಪಕ್ಕದ ಸಾಲಿನ ನೀರು

"ಗುರುಗಳೇ, ತಡವಾಗಿ ಹೊರಟವನು ಮುಂದೆ ಹೋದವರ ಸಾಲಿಗೆ ಎಂದಾದರೂ ಸೇರುತ್ತಾನೆಯೇ?"

ಹೀಗೆ ಕೇಳಿದವನು ಹಾಲಪ್ಪ. ಅಂಗಡಿಯನ್ನು ತಮ್ಮನ ಕೈಗಿಟ್ಟು, ತಲೆ ನರೆತ ಮೇಲೆ ಮಠಕ್ಕೆ ಓದಲು ಬಂದವನು. ಜೊತೆಯಲ್ಲಿ ಕೂರುವವರೆಲ್ಲ ಮೀಸೆ ಮೂಡದ ಹುಡುಗರು. ಅವರು ಅರಳು ಹುರಿದಂತೆ ಪಾಠ ಒಪ್ಪಿಸುವಾಗ ಇವನು ಅವರ ಕಡೆಗೇ ಕಿವಿಯಿಟ್ಟು ತನ್ನ ಪಾಠ ಮರೆಯುತ್ತಿದ್ದ. ಆ ಬೆಳಗ್ಗೆಯೂ ಹಾಗೆಯೇ ಆಗಿತ್ತು. ಬಟ್ಟೆಯ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟೇ ಅವನು ಈ ಪ್ರಶ್ನೆ ಕೇಳಲು ಬಂದಿದ್ದ.

ಗುರುಗಳು ಗಂಟನ್ನೂ ನೋಡಿದರು, ಅವನನ್ನೂ ನೋಡಿದರು. "ಕೂತುಕೋ. ಇಷ್ಟು ತಡ ಮಾಡಿದವನಿಗೆ ಇನ್ನೊಂದು ಕತೆಯ ಹೊತ್ತು ಹೆಚ್ಚಲ್ಲ" ಎಂದು ಹೇಳತೊಡಗಿದರು.

ಒಬ್ಬ ವ್ಯಾಪಾರಿಗೆ ಒಬ್ಬಳೇ ಮಗಳು. ಅವಳು ಹುಟ್ಟಿದಾಗ ಜಾತಕ ಬರೆದವರು, ಹದಿನೆಂಟು ತುಂಬುವವರೆಗೆ ಮಗುವಿಗೆ ಜಲಗಂಡಾಂತರವಿದೆ, ನೀರಿನಿಂದ ದೂರವಿಡಿ ಎಂದರು. ತಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಹೊಳೆ ಕಂಡರೆ ದಾರಿ ಬದಲಿಸಿದ. ಬಾವಿಕಟ್ಟೆಯ ಹತ್ತಿರ ಬಿಡಲಿಲ್ಲ. ಮಗಳು ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಲ್ಲಿ ಅಜ್ಜಿಯ ಕಾವಲು, ಹಂಡೆಯ ನೀರೇ ಎದ್ದು ಬಂದು ಹುಡುಗಿಯನ್ನು ನುಂಗೀತು ಎನ್ನುವ ಹಾಗೆ. ಆದರೆ ಬೇಡವೆಂದ ಕಡೆಗೇ ಮನಸ್ಸು ಓಡುತ್ತದೆ. ಗಡುವು ಮುಗಿದ ಮಾರನೆಯ ದಿನವೇ ಅವಳು ಕಾಲೇಜಿನ ಈಜುಕೊಳದ ಮೆಟ್ಟಿಲ ಮೇಲೆ ನಿಂತಿದ್ದಳು. ಬರೀ ಈಜು ಕಲಿತರೆ ಸಾಲದು, ಕಾಲೇಜಿನ ಈಜು ತಂಡವನ್ನೇ ಸೇರಬೇಕು ಎಂಬುದು ಅವಳ ಆಸೆ.

ಈಜು ಕಲಿಸುವ ಹೆಂಗಸು ನಗಲಿಲ್ಲ. ಗೋಡೆಯ ಮೇಲಿನ ದೊಡ್ಡ ಗಡಿಯಾರವನ್ನು ತೋರಿಸಿದಳು. ಆಯ್ಕೆಯ ದಿನ, ಮುಳ್ಳು ಅಲ್ಲಿನ ಕೆಂಪು ಗೆರೆಗೆ ಬರುವುದರೊಳಗೆ ಕೊಳದ ಆ ತುದಿ ಮುಟ್ಟಿ ಹಿಂದಿರುಗಿದವರೆಲ್ಲ ತಂಡಕ್ಕೆ. ಮೊದಲು ಬಂದರೂ ಸರಿ, ಕೊನೆಗೆ ಬಂದರೂ ಸರಿ. ನಿಯಮ ಅಷ್ಟೇ.

ಹುಡುಗಿ ಚಿಕ್ಕ ಮಕ್ಕಳ ಜೊತೆ ಕಂಬಿ ಹಿಡಿದು ಕಾಲು ಬಡಿದಳು. ಮೂಗಿನಲ್ಲೂ ನೀರು ಕುಡಿದಳು. ಕೈ ಬಿಟ್ಟರೂ ನೀರು ತನ್ನನ್ನು ಎತ್ತಿ ಹಿಡಿದ ದಿನ ಅವಳಿಗೆ ಅಳು ಬಂತು. ಇಷ್ಟು ವರ್ಷ ಮನೆಯವರೆಲ್ಲ ಹೆದರಿದ್ದು ಇದಕ್ಕೇ ಏನು ಎಂದು ನಗುವೂ ಬಂತು. ಮಳೆಗಾಲ ಕಳೆದು ಚಳಿ ಬರುವ ಹೊತ್ತಿಗೆ ಅವಳು ಚೆನ್ನಾಗಿಯೇ ಈಜುತ್ತಿದ್ದಳು.

ಆದರೂ ಮುಳ್ಳು ಪ್ರತಿ ಸಲ ಕೆಂಪು ಗೆರೆ ದಾಟಿಬಿಡುತ್ತಿತ್ತು. ಕೊಳದಲ್ಲಿ ಹಗ್ಗ ಕಟ್ಟಿ ಬೇರೆ ಮಾಡಿದ ಪಕ್ಕದ ಸಾಲುಗಳಲ್ಲಿ ಅಂಬಿಗರ ಮನೆಯ ಹುಡುಗಿಯರು ಈಜುತ್ತಿದ್ದರು. ತೇಲಲೆಂದು ಬೆನ್ನಿಗೆ ಸೋರೆಬುರುಡೆ ಕಟ್ಟಿಸಿಕೊಂಡು ಹಾಲುಹಲ್ಲಿನ ವಯಸ್ಸಿಗೇ ಹೊಳೆಗಿಳಿದವರು. ಅವರಿಗೆ ಈಜು ಕಲಿತ ನೆನಪೇ ಇರಲಿಲ್ಲ. ಅವರು ಎಲ್ಲಿಗೆ ತಲುಪಿದರು ಎಂದು ವ್ಯಾಪಾರಿಯ ಮಗಳು ಆಗಾಗ ತಲೆ ಎತ್ತಿ ನೋಡುತ್ತಿದ್ದಳು.

"ಅಲ್ಲೇನು ನೋಡ್ತೀಯ?" ಎಂದು ಕಲಿಸುವಾಕೆ ಒಂದು ದಿನ ಕೇಳಿದಳು.

"ಅವರು ಎಷ್ಟು ಮುಂದಿದ್ದಾರೆ ಅಂತ, ಮೇಡಂ."

"ಹೋದ ಸಲ ನೋಡಿದ್ದಕ್ಕಿಂತ ಮುಂದೆ. ನೀನು ನೋಡಿದಾಗೆಲ್ಲ ಹಾಗೇ ಇರ್ತಾರೆ. ತಲೆ ಮೇಲೆ ಬಂದ್ರೆ ಕಾಲು ಕೆಳಗೆ ಹೋಗುತ್ತೆ ಕಣಮ್ಮ, ಕಾಲು ಕೆಳಗೆ ಹೋದ್ರೆ ನಿಂತೇ ಹೋಗ್ತೀಯ. ನಿನ್ನ ಸಾಲಿನ ತಳದಲ್ಲಿ ಒಂದು ಕಪ್ಪು ಗೆರೆ ಇದೆ. ಅದನ್ನ ನೋಡ್ಕೊಂಡು ಹೋಗು."

ಮಾತು ಅವಳಿಗೆ ಅರ್ಥವಾಯಿತು. ಆದರೆ ಕುತ್ತಿಗೆ ಕೇಳಬೇಕಲ್ಲ. ಎರಡು ದಿನ ಗೆರೆ ನೋಡಿದಳು, ಮೂರನೆಯ ದಿನ ಮತ್ತೆ ಪಕ್ಕದ ಸಾಲು ನೋಡಿದಳು. ಹೀಗೆಯೇ ಆಯ್ಕೆಯ ದಿನ ಬಂತು.

ಅಂದು ವ್ಯಾಪಾರಿಯೂ ಬಂದ. ಜಾತಕದ ಗಡುವು ಮುಗಿದಿತ್ತು, ಅವನ ಭಯದ ಗಡುವು ಮುಗಿದಿರಲಿಲ್ಲ. ನೀರಿನಿಂದ ದೂರ, ಗೇಟಿನ ಸರಳು ಹಿಡಿದು ನಿಂತು ಕೂಗಿದ. "ಮಗಳೇ, ಕೊನೇಲಿ ಬಂದ್ರೂ ಚಿಂತೆಯಿಲ್ಲ, ನೀರಿಂದ ಎದ್ದು ಬಂದ್ರೆ ಸಾಕು!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಎಷ್ಟೋ ದಿನದಿಂದ ಬಿಗಿದಿದ್ದ ಕುತ್ತಿಗೆ ಆ ನಗುವಿನಲ್ಲಿ ಸಡಿಲಾಯಿತು. ಸೀಟಿ ಕೇಳಿಸಿತು, ಧುಮುಕಿದಳು.

ಪಕ್ಕದ ನೀರು ಬಡಿಯುವ ಸದ್ದು ಮುಂದೆ ಮುಂದೆ ಹೋಯಿತು. ತಲೆ ಎತ್ತಬೇಕೆನಿಸಿತು. ಅವಳು ಕಪ್ಪು ಗೆರೆಯನ್ನು ನೋಡಿದಳು. ಉಸಿರಿಗಾಗಿ ಮುಖ ತಿರುಗಿಸುವಾಗ ಕಣ್ಣು ಮುಚ್ಚಿಕೊಂಡಳು. ಆ ತುದಿ ಮುಟ್ಟಿ ತಿರುಗುವ ಹೊತ್ತಿಗೆ ಅವಳಿಗೆ ಪಕ್ಕದ ಸದ್ದು ಕೇಳಿಸುತ್ತಲೇ ಇರಲಿಲ್ಲ. ಕೆಳಗೆ ಗೆರೆ ಇತ್ತು, ಮೈಸುತ್ತ ನೀರಿತ್ತು, ಮನಸ್ಸಿಗೆ ಹಿತವಾಗಿತ್ತು. ಗೋಡೆ ಕೈಗೆ ತಾಗಿದಾಗ ಇಷ್ಟು ಬೇಗ ಮುಗಿಯಿತೇ ಎಂದುಕೊಂಡು ನೇರ ಗಡಿಯಾರವನ್ನು ನೋಡಿದಳು. ಮುಳ್ಳು ಕೆಂಪು ಗೆರೆಗೆ ಇನ್ನೂ ಬಂದಿರಲಿಲ್ಲ.

ಕಲಿಸುವಾಕೆ ತಂಡದ ನೀಲಿ ಟೋಪಿಯನ್ನು ತಂದು ಅವಳ ಕೈಗಿಟ್ಟಳು. ವ್ಯಾಪಾರಿ ಭಯ ಮರೆತು ಕೊಳದ ಅಂಚಿಗೇ ಓಡಿಬಂದ. ಶೀತವಾದೀತೆಂದು ಹೆಗಲ ಮೇಲಿನ ವಸ್ತ್ರ ತೆಗೆದು ಮಗಳ ತಲೆ ಒರೆಸಿದ, ಆಮೇಲೆ ಅದರಲ್ಲೇ ತನ್ನ ಕಣ್ಣನ್ನೂ ಒರೆಸಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಹಾಲಪ್ಪನಿಗೆ ಸಂತೋಷವಾಯಿತು. ಆದರೂ ಒಂದು ಮಾತು ಕೇಳದೆ ಇರಲು ಅವನಿಂದ ಆಗಲಿಲ್ಲ.

"ಗುರುಗಳೇ, ಆ ಅಂಬಿಗರ ಹುಡುಗಿಯರು ಅವಳಿಗಿಂತ ಎಷ್ಟು ಮುಂದಿದ್ದರು?"

ಗುರುಗಳು ಹೇಳಿದರು, "ಅದು ಗೊತ್ತಿಲ್ಲ ಹಾಲಪ್ಪ, ಆ ದಿನ ಅವಳು ನೋಡಲಿಲ್ಲ."