ಗೋಲಿನ ಮುಂದೆ ಬಿದ್ದ ಗುಡುಗುಸೇನ

ಢಣಢಣಪುರ ಅಂತೊಂದು ರಾಜ್ಯ, ಅದಕ್ಕೆ ಗುಡುಗುಸೇನ ಅಂತೊಬ್ಬ ರಾಜ. ಬೇರೆ ರಾಜರು ಆನೆ ಸಾಕಿದರೆ ಇವನು ಸಂಬಳ ಕೊಟ್ಟು ಫುಟ್‌ಬಾಲ್ ತಂಡ ಸಾಕಿದ್ದ. ಆ ತಂಡದ ಗೋಲ್‌ಕೀಪರ್ ಜೆಟ್ಟೆಪ್ಪನೇನು ಸಾಮಾನ್ಯನೇ? ಅವನನ್ನು ಕೇಳದೆ ನೊಣ ಕೂಡ ಗೋಲಿನೊಳಗೆ ಹೋಗುತ್ತಿರಲಿಲ್ಲ. ಪಕ್ಕದ ರಾಜ್ಯದ ಕೊಟ್ರೇಶ ಅವನಿಗೂ ಮಿಗಿಲು. ಅವನು ಸೋಮವಾರ ಒದ್ದ ಚೆಂಡು ಬುಧವಾರ ಇಳಿಯುತ್ತಿತ್ತು, ಅದರ ಮೇಲೊಂದು ಹದ್ದು ಕಾವಿಗೆ ಕೂತಿರುತ್ತಿತ್ತು. ಅನುಮಾನವಿದ್ದವರು ಹದ್ದನ್ನೇ ಕೇಳಿ.

ಆಟದಲ್ಲಿ ಇಬ್ಬರೂ ಹಾವು ಮುಂಗುಸಿ, ಆಟ ಮುಗಿದರೆ ಜೀವದ ಗೆಳೆಯರು. ಅದನ್ನು ಕಂಡರೆ ರಾಜನಿಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತೆ.

ಮೊದಲ ಪಂದ್ಯದಲ್ಲಿ ಕೊಟ್ರೇಶನ ಮೀನಖಂಡ ಹಿಡಿದುಕೊಂಡಿತು. ಜೆಟ್ಟೆಪ್ಪ ಓಡಿಹೋಗಿ ಅವನ ಕಾಲೆತ್ತಿ, ಅಂಗಾಲು ಒತ್ತಿ ಸರಿಮಾಡಿದ.

"ವೈರಿಯ ಕಾಲು ಹಿಡಿದೆಯೇನೋ?" ರಾಜ ಗುಡುಗಿದ.

"ಕಿತ್ತುಹಾಕೋಣ ಅಂತ ಎಳೆದೆ ಪ್ರಭೂ, ಬರಲಿಲ್ಲ."

"ಶಹಬ್ಬಾಸ್! ಮುಂದಿನ ಸಲ ಇನ್ನೂ ಜೋರಾಗಿ ಎಳಿ!"

ಎರಡನೇ ಪಂದ್ಯದಲ್ಲಿ ಬಾಯಾರಿದ ಕೊಟ್ರೇಶನಿಗೆ ಜೆಟ್ಟೆಪ್ಪ ನೀರು ಕೊಟ್ಟ. ರಾಜ ಮತ್ತೆ ಗುಡುಗಿದ.

"ಹೊಟ್ಟೆ ಭಾರವಾದರೆ ಓಡೋದು ಹೆಂಗೆ ಪ್ರಭೂ?"

"ಭಲೇ! ಮುಂದಿನ ಸಲ ಕೊಡಗಟ್ಟಲೆ ಕುಡಿಸು!"

ಮೂರನೇ ಪಂದ್ಯ ಮುಗಿದ ಮೇಲೆ ಇಬ್ಬರೂ ಅಂಗಿ ಬದಲಾಯಿಸಿಕೊಂಡರು.

"ನನ್ನ ಬೆವರಿನ ನಾತಕ್ಕೆ ಅವನು ಮೂರು ದಿನ ಏಳಬಾರದು ಪ್ರಭೂ."

"ಸರಿ, ಅವನ ಅಂಗಿ ತೊಟ್ಟು ನೀನ್ಯಾಕೋ ಹಲ್ಲು ಕಿರಿಯೋದು?"

ಜೆಟ್ಟೆಪ್ಪ ಆ ಅಂಗಿಯಿಂದಲೇ ಬಾಯಿ ಮುಚ್ಚಿಕೊಂಡ. ಗುಟ್ಟು ರಟ್ಟಾಯಿತು.

ಕೂಡಲೇ ರಾಜ ಡಂಗುರ ಹೊಡೆಸಿದ. "ನಮ್ಮ ತಂಡದ ಅಂಗಿ ತೊಟ್ಟವರು ಯಾರೇ ಆಗಲಿ, ಎದುರಾಳಿಯ ಸಹಾಯ ಪಡೆದರೂ ಕೊಟ್ಟರೂ ಗಡೀಪಾರು! ಮುಂದಿನ ಪಂದ್ಯ ಮುಗಿದೊಡನೆ ಜೆಟ್ಟೆಪ್ಪ ಗಡಿಯಾಚೆ!"

ಆ ಪಂದ್ಯದ ದಿನ ರಾಜ ತಾನೇ ಅಂಗಿ ತೊಟ್ಟು ಗೋಲು ಕಾಯಲು ನಿಂತ. "ಗೆರೆ ದಾಟಬೇಡ" ಅಂತ ಜೆಟ್ಟೆಪ್ಪನನ್ನು ಗೆರೆಯಾಚೆ ಕೂರಿಸಿದ. ಉಳಿದ ಹತ್ತು ಜನಕ್ಕೆ, "ಗೋಲು ಹೊಡೆಯುವ ತನಕ ಹಿಂದೆ ತಿರುಗಿದರೆ ತಲೆ ಹೋದೀತು" ಅಂತ ಅಪ್ಪಣೆಯಾಗಿತ್ತು. ಅವರೆಲ್ಲ ಆ ತುದಿಯಲ್ಲಿ ಬೆನ್ನು ತೋರಿಸಿ ನಿಂತರು.

ಕೊಟ್ರೇಶ ಚೆಂಡು ತಂದ. ರಾಜ ಹಾರಿದ. ಹಾರಿದ್ದು ಒಂದು ಗೇಣು, ಹಿಡಿದುಕೊಂಡದ್ದು ಎರಡೂ ಮೀನಖಂಡ. "ಅಯ್ಯಯ್ಯೋ, ಸತ್ತೆ!"

ಗೋಲು ಬಟಾಬಯಲು. ಆದರೂ ಕೊಟ್ರೇಶ ಚೆಂಡನ್ನು ಗೆರೆಯಾಚೆ ಒದ್ದು, ರಾಜನ ಕಾಲಿಗೆ ಕೈಹಾಕಲು ಬಗ್ಗಿದ.

"ತಡಿಯೋ ಕೊಟ್ರಾ!" ಜೆಟ್ಟೆಪ್ಪ ಕೂಗಿದ. "ಪ್ರಭುಗಳು ನಮ್ಮ ಅಂಗಿ ತೊಟ್ಟಿದ್ದಾರೆ. ನೀನು ಮುಟ್ಟಿದರೆ ಅವರಿಗೇ ಗಡೀಪಾರು!"

"ನೀನೇ ಬಾರೋ!" ರಾಜ ಹಲ್ಲು ಕಚ್ಚಿದ.

"ಗೆರೆ ದಾಟಬೇಡ ಅಂದಿದ್ದೀರಲ್ಲ ಪ್ರಭೂ. ಕೂಗಿ ನೋಡಿ, ಆ ಹತ್ತು ಜನ ತಿರುಗಿ ನೋಡ್ತಾರೇನೋ."

ರಾಜ ಕೂಗಿದ. ಒಬ್ಬನೂ ತಿರುಗಲಿಲ್ಲ. ಇಷ್ಟು ವಿಧೇಯ ಪ್ರಜೆಗಳು ಯಾವ ರಾಜನಿಗೂ ಸಿಕ್ಕಿರಲಿಕ್ಕಿಲ್ಲ!

"ಆಜ್ಞೆ ರದ್ದು! ಗಡೀಪಾರೂ ರದ್ದು! ಕಾಲು ಎತ್ರಪ್ಪಾ!"

ಕೊಟ್ರೇಶ ಒಂದು ಕಾಲೆತ್ತಿದ, ಜೆಟ್ಟೆಪ್ಪ ಇನ್ನೊಂದು. ನೋವಿಳಿದ ಮೇಲೆ ರಾಜ ಮೆಲ್ಲಗೆ ಕೇಳಿದ: "ಖಾಲಿ ಗೋಲಿಗೆ ಯಾಕೆ ಹೊಡೆಯಲಿಲ್ಲವಯ್ಯಾ?"

"ಬಿದ್ದವರನ್ನು ದಾಟಿ ಹೊಡೆದರೆ ಅದೆಂಥ ಗೋಲು ಸ್ವಾಮಿ? ಹೊಡೆದರೆ ಜೆಟ್ಟೆಪ್ಪ ನಿಂತಿರುವಾಗ ಹೊಡೀಬೇಕು."

ಜೆಟ್ಟೆಪ್ಪ ಗೋಲಿಗೆ ಮರಳಿದ. ತಮ್ಮ ರಾಜನಿಗಾಗಿ ಆಚೆ ಒದ್ದ ಚೆಂಡನ್ನು ಢಣಢಣಪುರದವರು ಮರ್ಯಾದೆಯಿಂದ ಕೊಟ್ರೇಶನಿಗೇ ಹಿಂದಿರುಗಿಸಿದರು. ಕೊಟ್ರೇಶ ಒದ್ದ, ಜೆಟ್ಟೆಪ್ಪ ಚಿರತೆಯಂತೆ ಎಗರಿದ. ಬೆರಳ ತುದಿ ಸವರಿಕೊಂಡು ಚೆಂಡು ಒಳಗೆ! ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಸೋತ ಜೆಟ್ಟೆಪ್ಪನೇ.

ಇಷ್ಟೇ ಮಕ್ಕಳೇ. ಎದುರು ಆಡುವವನು ವೈರಿಯಲ್ಲ, ಆಟದ ಅರ್ಧ ಪಾಲುದಾರ. ಅವನನ್ನು ದ್ವೇಷಿಸುವವನು ಗೆದ್ದರೂ ಒಂಟಿ, ಬಿದ್ದರಂತೂ ಕೇಳುವವರೇ ಇಲ್ಲ.