ಗಿಳಿ ವ್ಯಾಪಾರಿಯ ಪರದೆ

“ಇಲ್ಲಪ್ಪ, ನಿನ್ನ ಜ್ಞಾಪಕಶಕ್ತೀಲಿ ಏನೂ ಐಬಿಲ್ಲ. ಐಬಿರೋದು ಬೇರೆ ಕಡೆ,” ಅಂದ್ರು ಸ್ವಾಮಿಗಳು.

ಮರುಳಸಿದ್ದ ಏನೂ ಕೇಳಿರಲಿಲ್ಲ. ಕೈಕಟ್ಟಿ ನಿಂತಿದ್ದ, ಅಷ್ಟೇ. ಆದ್ರೆ ಬೆಳಗ್ಗೆಯಿಂದ ಅವನ ತಲೇಲಿ ಒಂದೇ ಪ್ರಶ್ನೆ ಇತ್ತು. ತಾಂಡಾಕ್ಕೆ ನನ್ನನ್ಯಾಕೆ ಕಳಿಸಲ್ಲ ಅಂದ್ರು?

ಗುಡ್ಡದಾಚೆ ಲಂಬಾಣಿ ತಾಂಡಾದಲ್ಲಿ ಮಠದವರು ಪುಟ್ಟ ಮಕ್ಕಳಿಗೊಂದು ಶಾಲೆ ತೆರೀತಿದ್ರು. ಅಲ್ಲಿಗೆ ಮೇಷ್ಟ್ರಾಗಿ ಹೋಗಬೇಕು ಅನ್ನೋದು ಮರುಳಸಿದ್ದನ ಆಸೆ. ಆಸೆ ಏನು, ಹಟ. ಅದಕ್ಕೇ ಯಾರನ್ನೋ ಹಿಡಿದು ಲಂಬಾಣಿ ಪದಗಳನ್ನೆಲ್ಲ ಮೊಬೈಲಿಗೆ ಹೇಳಿಸ್ಕೊಂಡ. ಇಯರ್‌ಫೋನ್ ಸಿಕ್ಕಿಸ್ಕೊಂಡು ಮಠದ ಮಹಡಿ ಕೋಣೆ ಸೇರಿದ. ಊಟಕ್ಕೆ ಕರೆದ್ರೂ ಕೈಯಲ್ಲೇ ‘ಆಮೇಲೆ’ ಅಂತಿದ್ದ. ತಾಂಡಾದ ಹೆಂಗಸರು ಸೌದೆ ಹೊತ್ಕೊಂಡು ದಿನಾ ಮಠಕ್ಕೆ ಬರ್ತಿದ್ರು, ಅಂಗಳದಲ್ಲಿ ಕೂತು ಲೋಕದ ಸುದ್ದಿಯೆಲ್ಲ ಲಂಬಾಣೀಲೇ ಮಾತಾಡ್ತಿದ್ರು. ಇವನು ಆ ಗದ್ದಲ ಕಿವಿಗೆ ಬೀಳಬಾರದು ಅಂತ ಮೊಬೈಲಿನ ಸೌಂಡ್ ಇನ್ನೂ ಜಾಸ್ತಿ ಮಾಡ್ಕೋತಿದ್ದ.

ನಿನ್ನೆ ಮರ್ಯಾದೆ ಹೋಯ್ತು. ಹೊಸ ಮೇಷ್ಟ್ರು ಇವನೇ ಅಂತ ಯಾರೋ ಹೇಳಿದ್ದು ಕೇಳಿ ತಾಂಡಾದ ಅಜ್ಜಿಯೊಬ್ಬಳು ಹತ್ರ ಬಂದು, ಗಲ್ಲ ಸವರಿ, ಲಂಬಾಣೀಲಿ ಏನೋ ಕೇಳಿದಳು. ಬಸ್ ಬಂದ ತಕ್ಷಣ ಜನ ಬಾಗಿಲಿಗೆ ನುಗ್ತಾರಲ್ಲ, ಹಾಗೆ ಮರುಳಸಿದ್ದನ ತಲೇಲಿದ್ದ ಪದಗಳೆಲ್ಲ ಒಟ್ಟಿಗೆ ನುಗ್ಗಿದ್ವು. ಹೊರಗೆ ಬಿದ್ದಿದ್ದು ಎರಡೇ. “ಪಾಣಿ... ಬಾಟಿ...” ಅಂದ. ನೀರು, ರೊಟ್ಟಿ. ಅಯ್ಯೋ ಪಾಪ, ಹಸಿದಿದಾನೆ ಅಂದ್ಕೊಂಡಳು ಅಜ್ಜಿ. ಗಂಟು ಬಿಚ್ಚಿ ರೊಟ್ಟಿ ತೆಗೆದು ಅವನ ಕೈಗಿಟ್ಟು ಹೋದಳು. ಸ್ವಾಮಿಗಳು ಕಿಟಕೀಲಿ ನಿಂತು ನೋಡಿದ್ರು. ಇವತ್ತು ಕರೆದು, ನೀನು ಹೋಗೋದು ಬೇಡ ಅಂದುಬಿಟ್ರು.

“ಇನ್ನೂ ಸ್ವಲ್ಪ ದಿನ ಕೊಡಿ ಬುದ್ಧಿ,” ಅಂದ ಮರುಳಸಿದ್ದ. “ಇನ್ನಷ್ಟು ಪದ ತುಂಬ್ಕೋತೀನಿ.”

“ತುಂಬ್ಕೊಳ್ಳೋಕೆ ನೀನೇನು ಗೋಣಿಚೀಲಾನಾ? ಕೂತ್ಕೋ ಇಲ್ಲಿ.”

ಕೂತ. ಸ್ವಾಮಿಗಳು ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು ಕತೆ ಶುರು ಮಾಡಿದ್ರು.

ಒಂದೂರಲ್ಲಿ ಒಬ್ಬ ಗಿಳಿ ವ್ಯಾಪಾರಿ. ಗಿಳಿಗೆ ಮಾತು ಕಲಿಸೋದ್ರಲ್ಲಿ ಅವನನ್ನ ಮೀರಿಸೋರಿಲ್ಲ. ಪಂಜರಕ್ಕೆ ಕಪ್ಪು ಪರದೆ ಹಾಕೋನು. ಗಿಳಿ ಕಣ್ಣಿಗೆ ಏನೂ ಬೀಳಬಾರದು, ಕಿವಿಗೆ ಬೇರೇನೂ ಹೋಗಬಾರದು. ಪರದೆ ಹಿಂದೆ ಕೂತು ಒಂದೇ ಮಾತನ್ನ ಹೇಳಿ, ಹೇಳಿ, ಹೇಳಿ ಸಾಯಿಸೋನು. ಕೊನೆಗೊಂದು ದಿನ ಗಿಳಿ “ಬನ್ನಿ, ಕೂತ್ಕೊಳ್ಳಿ” ಅನ್ನೋದು. ಸಾಹುಕಾರರು ಮುಗಿಬಿದ್ದು ಕೊಂಡ್ಕೋತಿದ್ರು.

ಬಹಳ ವರ್ಷಕ್ಕೆ ಅವನಿಗೊಂದು ಹೆಣ್ಣು ಮಗು ಆಯ್ತು. ವ್ಯಾಪಾರಿ ಯೋಚನೆ ಮಾಡಿದ. ಹಕ್ಕಿಗೇ ಇಷ್ಟು ಚೆನ್ನಾಗಿ ಕಲಿಸಿದೀನಿ, ಹೆತ್ತ ಮಗಳಿಗೆ ಬಿಡ್ತೀನಾ? ಒಳಮನೇಲಿ ತೊಟ್ಟಿಲು ಕಟ್ಟಿದ. ಸುತ್ತ ಪರದೆ ಇಳಿಬಿಟ್ಟ. ಹಿಂದೆ ಕೂತು ಮೊದಲ ಪಾಠ “ಕಮಲ, ಕಮಲ, ಕಮಲ” ಅಂತ ಶುರು ಹಚ್ಕೊಂಡ. ಹೆಂಡತಿ ಮಗೂನ ಎತ್ಕೊಂಡು ಏನೋ ಮುದ್ದು ಮಾತಾಡೋಕೆ ಹೋದ್ರೆ, “ನೀನು ಮಧ್ಯೆ ಬಾಯಿ ಹಾಕ್ಬೇಡ ಮಾರಾಯ್ತಿ, ಪಾಠ ಎಲ್ಲಾ ಕಲಸುಮೇಲೋಗರ ಆಗುತ್ತೆ,” ಅಂತ ರೇಗೋನು. ಅವಳು ಬಾಯಿಗೆ ಸೆರಗು ಇಟ್ಕೊಂಡು ಹಾಲು ಕುಡಿಸಿ ಬರೋಳು.

ಮಗೂಗೆ ಹಲ್ಲು ಬಂತು. ನಡಿಗೆ ಬಂತು. ಓಡೋದೂ ಬಂತು. ಮಾತು ಮಾತ್ರ ಬರಲಿಲ್ಲ. ಕಿವಿಯೇನೋ ಚುರುಕು, ಹಿತ್ತಲಲ್ಲಿ ತಟ್ಟೆ ಬಿದ್ರೆ ತಿರುಗಿ ನೋಡೋದು. ‘ಕಮಲ’ ಅಂದ್ರೆ ಮಾತ್ರ ಆಕಳಿಸೋದು. ಊರವರು ಮೂಗಿ ಅಂದ್ರು. ವ್ಯಾಪಾರಿಗೆ ಅವಮಾನ. ಗಿಳಿ ಮಾತಾಡುತ್ತೆ, ಮಗಳು ಮಾತಾಡಲ್ಲ! ಒಂದು ದಿನ ಹೆಂಡತಿಗೆ ಹೇಳಿದ: “ದೂರದ ಆಶ್ರಮ ಒಂದರಲ್ಲಿ ಮಾತು ಬಾರದವರನ್ನ ಸೇವೆಗೆ ಇಟ್ಕೋತಾರಂತೆ. ಈ ಸಲ ಗಿಳಿ ಮಾರಿ ಬಂದವನೇ ಇವಳನ್ನ ಅಲ್ಲಿಗೆ ಬಿಟ್ಟು ಬರ್ತೀನಿ.” ಒಂದು ಸಲಾನೂ ‘ಅಮ್ಮ’ ಅನ್ನಿಸ್ಕೊಳ್ಳದೇ ಮಗಳನ್ನ ಕಳಿಸಬೇಕಲ್ಲ ಅಂತ ಆ ತಾಯಿ ಕರುಳು ಕಿತ್ತು ಬಂತು.

ಅದೇ ಹೊತ್ತಿಗೆ ವ್ಯಾಪಾರಿಯ ತಮ್ಮನಿಗೆ ಮದುವೆ ಆಯ್ತು. ಹುಡುಗಿ ದೂರದ ಸೀಮೆಯವಳು, ಈ ಭಾಷೆ ಒಂದಕ್ಷರ ಬರಲ್ಲ. ತಮ್ಮನ ಹೆಂಡತಿ ಎದುರು ಭಾವ ನಿಲ್ಲೋ ಹಾಗಿಲ್ಲ, ಅದು ಆ ಮನೆ ಪದ್ಧತಿ. ನಮ್ಮ ವ್ಯಾಪಾರಿಗೆ ಅಷ್ಟೇ ಬೇಕಿತ್ತು. ನಡುಮನೇಲಿ ಇನ್ನೊಂದು ಪರದೆ ಕಟ್ಟಿದ. “ಉಪ್ಪು, ಉಪ್ಪು, ಉಪ್ಪು,” ಅಂದ. ಆಚೆಯಿಂದ ಹುಡುಗಿ “ಉಪ್ಪು, ಉಪ್ಪು, ಉಪ್ಪು,” ಅಂದಳು. ವ್ಯಾಪಾರಿ ಹಿಗ್ಗಿ ಹೀರೇಕಾಯಿ ಆದ. ನೋಡು, ನನ್ನ ವಿದ್ಯೆ ಸುಳ್ಳಲ್ಲ!

ಮಾರನೇ ದಿನ ಅಡುಗೆಮನೇಲಿ ವ್ಯಾಪಾರಿ ಹೆಂಡತಿ, “ಉಪ್ಪು ಕೊಡೇ,” ಅಂದಳು. ಹೊಸ ಹುಡುಗಿ ಕೈಮುಗಿದು ನಿಂತು “ಉಪ್ಪು, ಉಪ್ಪು, ಉಪ್ಪು,” ಅಂದಳು. ಉಪ್ಪಿನ ಜಾಡಿ ಅವಳ ಕಾಲ ಹತ್ರಾನೇ ಇತ್ತು.

ಕತೆ ಕೇಳ್ತಿದ್ದ ಮರುಳಸಿದ್ದ ಗೊಳ್ಳಂತ ನಕ್ಕ. ನಕ್ಕವನಿಗೆ ಯಾಕೋ ರೊಟ್ಟಿ ಕೊಟ್ಟ ಅಜ್ಜಿಯ ಮುಖ ನೆನಪಾಯ್ತು. ನಗು ಅರ್ಧಕ್ಕೇ ನಿಂತು ಕೆಮ್ಮಾಯ್ತು.

“ನಗು ನಗು, ತಡ್ಕೋಬೇಡ,” ಅಂದ್ರು ಸ್ವಾಮಿಗಳು. ಕತೆ ಮುಂದುವರೀತು.

ವ್ಯಾಪಾರಿ ಗಾಡಿ ತುಂಬ ಪಂಜರ ಹೇರ್ಕೊಂಡು ಊರೂರಿಗೆ ಹೊರಟ. ಅವನು ಆ ಕಡೆ ಹೋಗಿದ್ದೇ ತಡ, ಹೆಂಡತಿ ಎರಡೂ ಪರದೆ ಕಿತ್ತು ನೀರಲ್ಲಿ ನೆನೆಹಾಕಿದಳು. ದೊಡ್ಡ ಉದ್ದೇಶ ಏನಿಲ್ಲ, ಧೂಳು ವಾಸನೆ ಹೊಡೀತಿತ್ತು. ಮಗೂನ ತಂದು ವಾರಗಿತ್ತಿ ಮಡಿಲಿಗೆ ಹಾಕಿ, “ಮಾತು ಬಾರದೋರಿಬ್ಬರೂ ಒಂದು ಕಡೆ ಕೂತಿರಿ, ನಂಗೆ ಕೆಲಸ ಇದೆ,” ಅಂದಳು.

ಮಗೂಗೆ ನೀರಡಿಕೆ. ಮೂಲೇಲಿದ್ದ ಚೊಂಬಿನ ಕಡೆ ಬೆರಳು ತೋರಿಸ್ತು. ಹುಡುಗಿ ಎದ್ದು ಹೋಗಿ ಪಕ್ಕದಲ್ಲಿದ್ದ ಮೊರ ತಂದಳು. ಮಗು ಅಲ್ಲ ಅನ್ನೋ ಹಾಗೆ ತಲೆ ಆಡಿಸ್ತು. ಪೊರಕೆ ತಂದಳು. ಮಗು ನೆಲಕ್ಕೆ ಕಾಲು ಅಪ್ಪಳಿಸ್ತು. ಒಲೆ ಮುಂದಿಂದ ತಾಯಿ ಕೂಗಿದಳು: “ಅದು ಪೊರಕೆ ಕಣೇ! ಚೊಂಬು ತಾ, ಚೊಂಬು!” ಹುಡುಗಿ ಮಗು ಮುಖ ನೋಡಿದಳು, ಮಗು ಕಣ್ಣು ಹೋದ ಕಡೆ ನೋಡಿದಳು, ಚೊಂಬು ಮುಟ್ಟಿದಳು. “ಚೊಂಬು?” ಮಗು ಹೌದು ಅನ್ನೋ ಹಾಗೆ ಜೋರಾಗಿ ತಲೆ ಆಡಿಸ್ತು. ನೀರು ಕುಡೀತು. ಇಬ್ಬರೂ ಮುಖ ಮುಖ ನೋಡ್ಕೊಂಡು ನಕ್ಕರು. ಆ ಮನೇಲಿ ಅವರಿಬ್ಬರೂ ನಕ್ಕಿದ್ದು ಅದೇ ಮೊದಲು.

ಅದೇ ಆಟ ಆಗೋಯ್ತು. ಮಗು ತೋರಿಸೋದು, ಹುಡುಗಿ ತರೋದು, ತಪ್ಪಿದ್ರೆ ತಾಯಿ ಬೈಯೋದು. ಹೆಸರು ಗೊತ್ತಾದ ಮೇಲೂ ಹುಡುಗಿ ಬೇಕು ಬೇಕಂತಲೇ ತಪ್ಪು ತರೋಳು, ಮಗು ಕೆರಳಲಿ ಅಂತ. ಒಂದು ಮಧ್ಯಾಹ್ನ ಪೊರಕೆಯನ್ನ ಮಗು ಮೂಗಿನ ಮುಂದೆ ಹಿಡಿದು, ಮುಖ ಗಂಭೀರ ಮಾಡ್ಕೊಂಡು, “ಚೊಂಬು?” ಅಂದಳು.

ಮಗು ದಿಟ್ಟಿಸಿ ನೋಡ್ತು. ಇಷ್ಟು ದೊಡ್ಡೋಳು, ಇಷ್ಟೂ ಗೊತ್ತಾಗಲ್ವಾ? ಮೈಯೆಲ್ಲ ಕೋಪ ತುಂಬ್ಕೊಂಡು ಮನೆ ಹಾರೋ ಹಾಗೆ ಕಿರುಚ್ತು: “ಪೊರಕೆ!”

ತಾಯಿ ಕೈಲಿದ್ದ ಸೌಟು ಸಾರಿಗೆ ಬಿತ್ತು. ಓಡಿ ಬಂದು ಮಗೂನ ಬಾಚಿ ತಬ್ಕೊಂಡಳು. “ಇನ್ನೊಂದು ಸಲ ಹೇಳು ನನ್ನವ್ವ, ಇನ್ನೊಂದು ಸಲ!” ಮಗು ಹೇಳ್ತು. ಪೊರಕೆ, ಪೊರಕೆ, ಚೊಂಬು, ಪೊರಕೆ, ಅಮ್ಮ. ಎಲ್ಲ ಒಟ್ಟಿಗೇ. ತಾಯಿ ಅಳ್ತಾ ಅಳ್ತಾ ಪೊರಕೆಗೆ ಅರಿಶಿನ ಕುಂಕುಮ ಹಚ್ಚಿದಳು. ಅಕ್ಕಪಕ್ಕದ ಮನೆಯವರನ್ನೆಲ್ಲ ಕೂಗಿ ಕರೆದು ಪಾಯಸ ಕೊಟ್ಟಳು. ಆಮೇಲೆ ಮಗೂನ ಮನೇಲಿ ಹಿಡಿದಿಡೋಕೇ ಆಗಲಿಲ್ಲ. ಹುಡುಗಿ ಸೊಂಟ ಏರಿ ಬೀದಿಗೆ ಹೋಗೋದು. ಬಳೆಯವಳ ಹತ್ರ ಒಂದು ಮಾತು, ಮೊಸರಿನವಳ ಹತ್ರ ಒಂದು ಜಗಳ. ಮಗು ಹುಡುಗಿಯನ್ನ ತಿದ್ದೋದು, ಹುಡುಗಿ ಮಗೂನ ರೇಗಿಸೋದು. ಇಬ್ಬರ ಬಾಯಿಗೂ ಬೀಗ ಇಲ್ಲ.

ವ್ಯಾಪಾರಿ ವಾಪಸ್ ಬಂದ. ಆಶ್ರಮಕ್ಕೆ ಹೋಗೋದಿದೆ ಅಂತ ಎತ್ತಿನ ಕೊರಳ ಹಗ್ಗಾನೂ ಬಿಚ್ಚಲಿಲ್ಲ. ಬಾಗಿಲಲ್ಲಿ ಮಗಳು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. “ಅಪ್ಪ, ಗಿಳಿ ಎಲ್ಲಿ? ಮಾರಿದ್ಯಾ? ಯಾಕೆ ಮಾರಿದೆ? ನಂಗೇನು ತಂದೆ?” ಒಳಗಡೆ ತಮ್ಮನ ಹೆಂಡತಿ ಸೊಪ್ಪಿನವನಿಗೆ, “ಇದೇನು ಸೊಪ್ಪೋ, ದನ ತಿಂದು ಬಿಟ್ಟಿದ್ದೋ?” ಅಂತ ಈ ಊರಿನ ಭಾಷೇಲೇ ನೀರಿಳಿಸ್ತಿದ್ದಳು.

ವ್ಯಾಪಾರಿ ಜಗಲಿ ಮೇಲೆ ಕೂತ. ಮಗಳನ್ನ ಎಳೆದು ಮಡಿಲಲ್ಲಿ ಕೂರಿಸ್ಕೊಂಡ. ಕಣ್ಣೊರೆಸ್ಕೊಂಡು ಹೆಂಡತೀನ ಕೇಳಿದ: “ಯಾವ ಪಂಡಿತನ್ನ ಕರೆಸಿದ್ಯೇ?”

“ಯಾವ ಪಂಡಿತನೂ ಇಲ್ಲ ರೀ,” ಅಂದಳು ಹೆಂಡತಿ, ಎತ್ತಿನ ಕೊರಳ ಹಗ್ಗ ಬಿಚ್ತಾ. “ಪರದೆ ಒಗೆಯೋಕೆ ಹಾಕಿದ್ದೆ, ಅಷ್ಟೇ.”

ಕತೆ ಮುಗೀತು. ಮರುಳಸಿದ್ದ ಸುಮ್ಮನೆ ಒಪ್ಕೊಳ್ಳೋ ಆಸಾಮಿ ಅಲ್ಲ. ಒಂದು ಕೊಕ್ಕೆ ಸಿಕ್ಕೇ ಸಿಗ್ತು.

“ಹಾಗಾದ್ರೆ ಗಿಳಿಗೆ ಹೇಗೆ ಬಂತು ಬುದ್ಧಿ? ಅದೂ ಪರದೆ ಹಿಂದೇನೇ ಕಲಿತಿದ್ದಲ್ವಾ?”

ಸ್ವಾಮಿಗಳು ಎಲೆ ಅಡಿಕೆ ಒಂದು ಕಡೆ ದವಡೆಗೆ ಸರಿಸಿದ್ರು.

“ಗಿಳಿಗೆ ಯಾರ ಹತ್ರಾನೂ ಏನೂ ಕೇಳೋದಿರಲಿಲ್ಲ ಕಣೋ; ಆ ಅಜ್ಜಿ ನಿನ್ನನ್ನ ಏನು ಕೇಳಿದಳು ಅಂತ ನಿಂಗೆ ತಿಳ್ಕೋಬೇಕು ಅನ್ನಿಸಲಿಲ್ವಾ?”

ಮರುಳಸಿದ್ದ ಮೊಬೈಲನ್ನ ಸ್ವಾಮಿಗಳ ಮುಂದಿನ ಮಣೆ ಮೇಲೆ ಇಟ್ಟ. ಗುಡ್ಡದ ದಾರಿ ದೂರ, ಬಿಸಿಲು ಇಳಿಯೋದ್ರೊಳಗೆ ತಾಂಡಾ ಮುಟ್ಟಿ ಆ ಅಜ್ಜೀನ ಹುಡುಕಬೇಕು. ಎದ್ದು, ಹೆಗಲಿಗೆ ಟವೆಲ್ ಹಾಕ್ಕೊಂಡು, ಹೊರಗೆ ಹೋಗಿ ಬಾಗಿಲು ಮುಚ್ಚಿದ.